ಆ ಪೇಟಿ ಯಾರಿಗೂ ಕೊಡುವುದಿಲ್ಲ ದೋಸ್ತ

ಧಾರವಾಡ

ಪ್ರೀತಿಯ ದೋಸ್ತ,

ನಿನ್ನ ಮೇಲ್ ಬಂತು. ಅದರಲ್ಲಿ ಎರಡು ಮಾತು ಇದ್ದವು. ಐವತ್ತು ದಾಟುವ ಹೊತ್ತಿಗೆ ಸಿತಾರ್ ಕಲಿಯುವ ಹುಚ್ಚು ಮತ್ತೆ ಹತ್ತಿದೆ ಅನ್ನುವುದು ಒಂದು. ಊರ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕ ಕಾಕಾನ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, "ಯಾರಾದ್ರೂ ಭಜನಿಯವರಿಗೆ ಕೊಟ್ಟುಬಿಡು, ಅದೇನು ಮಹಾ ವಾದ್ಯ" ಅನ್ನುವುದು ಇನ್ನೊಂದು. ಮೊದಲನೆಯದು ಓದಿ ಖುಷಿಯಾಯಿತು. ಎರಡನೆಯದು ಓದಿ ಸಿಟ್ಟು ಬಂತು. ಅದಕ್ಕೇ ಈ ಪತ್ರ ಉದ್ದ ಆಗುತ್ತದೆ. ಪೇಟಿ ಬಾರಿಸುವ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಪೇಟಿ ಈಗ ನಮ್ಮ ಪಡಸಾಲೆಯಲ್ಲಿದೆ. ಭಾನುವಾರ ಸ್ಕ್ರೂ ಬಿಚ್ಚಿ ಮೇಲಿನ ಹಲಗೆ ಎತ್ತಿದೆ. ಊದಿನಕಡ್ಡಿ, ಹಳೇ ತೊಗಲು, ಧೂಳು, ಮೂರೂ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಒಂದು ಮೂಲೆಯಲ್ಲಿ ಇಲಿ ಬಟ್ಟೆ ಕಡಿದು ಗೂಡು ಕಟ್ಟಿತ್ತು. ಗೂಡಿನೊಳಗೆ ಯಾರದೋ ಲಗ್ನಪತ್ರಿಕೆಯ ಚೂರು. ಗಾಳಿ ತುಂಬುವ ತಿದಿಯ ಮಡಿಕೆ ಎರಡು ಕಡೆ ಹರಿದಿದೆ, ಒತ್ತಿದರೆ ಉಸ್ಸ್ ಅಂತ ಗಾಳಿ ಹೊರಗೇ ಹೋಗುತ್ತದೆ. ಕೀಗಳ ಕೆಳಗೆ ತೂತು ಮುಚ್ಚುವ ತೊಗಲು ಒಣಗಿ ಹಪ್ಪಳ ಆಗಿದೆ. ಇಷ್ಟು ಕೆಟ್ಟ ಸುದ್ದಿ. ಒಳ್ಳೆಯ ಸುದ್ದಿ ಏನಂದರೆ ರೀಡುಗಳು ಗಟ್ಟಿ ಇವೆ. ಒಂದನ್ನು ಬಿಚ್ಚಿ, ಬನಿಯನ್ನಿನ ಬಟ್ಟೆಯಿಂದ ಒರೆಸಿ, ಬಾಯಿಗಿಟ್ಟು ಊದಿದೆ. ತಟ್ಟನೆ ಸುರ ಹಿಡಿಯಿತು. ನಮ್ಮ ಮನೆಯವಳು ಅಡುಗೆಮನೆಯಿಂದ "ಯಾರು ಬಂದ್ರು?" ಅಂತ ಕೇಳಿದಳು.

ರೀಡು ಅಂದರೆ ಏನು ಅಂತ ನೀನು ಯಾವತ್ತೂ ನೋಡಿರಲಿಕ್ಕಿಲ್ಲ. ಹಿತ್ತಾಳೆಯ ಒಂದು ಪಟ್ಟಿ, ಅದರಲ್ಲಿ ಒಂದು ಸೀಳು, ಸೀಳಿನ ಮೇಲೆ ಒಂದು ತೆಳ್ಳನೆ ನಾಲಿಗೆ. ನಾಲಿಗೆಯ ಒಂದು ತುದಿ ಮಾತ್ರ ರಿವೆಟ್ ಹಾಕಿ ಬಿಗಿದಿರುತ್ತದೆ, ಇನ್ನೊಂದು ಸಡಿಲ. ಗಾಳಿ ಹಾಯುವಾಗ ಅದು ಸೀಳಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಅಷ್ಟೇ ವಿದ್ಯೆ. ಖರ್ಜದ, ಅಂದರೆ ತಗ್ಗಿನ ಸುರದ ನಾಲಿಗೆ ಉದ್ದ, ಎತ್ತರದ ತಾರದ್ದು ಬರೀ ಉಗುರಿನಷ್ಟು. ಸುರ ಇಳಿದಿದ್ದರೆ ನಾಲಿಗೆಯ ತುದಿಯನ್ನು ಒಂಚೂರು ಕೆರೆಯುತ್ತಾರೆ, ತುದಿ ಹಗುರಾಗಿ ಬೇಗ ಆಡುತ್ತದೆ, ಸುರ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಕೆರೆಯುತ್ತಾರೆ, ಇಳಿಯುತ್ತದೆ. ಹೆಚ್ಚು ಕೆರೆದರೆ ರೀಡು ಹೋಯಿತು. ಹುಬ್ಬಳ್ಳಿಯಲ್ಲಿ ಈ ಕೆಲಸ ಬಲ್ಲವರು ಒಬ್ಬರಿದ್ದಾರೆ, ಅವರಿಗೆ ತೋರಿಸಿದೆ. ಗುಜರಾತಿನ ಪಾಲಿಟಾಣಾದಿಂದ ಬರುವ ರೀಡು ಈಗಲೂ ಸಿಗುತ್ತದೆ, ಆದರೆ ಇದರಲ್ಲಿ ಒಂದನ್ನೂ ಬದಲಿಸುವ ಜರೂರತ್ತಿಲ್ಲ ಅಂದರು.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಕೀಗಳನ್ನು ಒರೆಸುವಾಗ ಒಂದು ಕಂಡಿತು. ಎಲ್ಲವೂ ಒಂದೇ ಸಮ ಸವೆದಿಲ್ಲ. ನಡುವಿನ ಸಪ್ತಕದಲ್ಲಿ ಐದೂ ಕರಿ ಕೀಗಳ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿದೆ. ಬಿಳಿಯಲ್ಲಿ ಮೂರನೆಯದು ಮತ್ತು ಏಳನೆಯದು ತಗ್ಗು ಬಿದ್ದಿವೆ. ಉಳಿದ ಐದು ಬಿಳಿ ಹೊಸದರ ಹಾಗೆ ಇವೆ. ಕಾಕಾ ಕರಿ ಎರಡರಲ್ಲಿ ಹಾಡುತ್ತಿದ್ದರು, ನೆನಪಿದೆಯಾ? ಸಪ್ತಕದ ಆ ಎರಡನೇ ಕರಿ ಕೀಯನ್ನು ಷಡ್ಜ (ಸ) ಮಾಡಿಕೊಂಡು ಭೈರವಿ ರಾಗ ಬಾರಿಸಿ ನೋಡು. ಷಡ್ಜ ಕರಿ ಎರಡು, ರಿಷಭ ಬಿಳಿ ಮೂರು, ಗಂಧಾರ ಕರಿ ಮೂರು, ಮಧ್ಯಮ ಕರಿ ನಾಲ್ಕು, ಪಂಚಮ ಕರಿ ಐದು, ಧೈವತ ಬಿಳಿ ಏಳು, ನಿಷಾದ ಮೇಲಿನ ಕರಿ ಒಂದು. ಐದು ಕರಿ, ಎರಡು ಬಿಳಿ. ಸವೆದದ್ದು ಸರಿಯಾಗಿ ಅವೇ. ಶ್ರಾವಣದ ಭಜನೆ ಬೆಳಗಿನ ಜಾವಕ್ಕೆ ಮುಗಿಯುವಾಗ ಭೈರವಿ ಹಾಡದೆ ಅವರು ಏಳುತ್ತಿರಲಿಲ್ಲ. ಇಂಥ ಪೇಟಿಯನ್ನು ಯಾರಿಗೋ ಕೊಟ್ಟುಬಿಡು ಅಂತೀಯಲ್ಲ ಮಾರಾಯ.

ಸಿತಾರ್ ಬೇಡ ಅನ್ನುವುದಿಲ್ಲ. ಧಾರವಾಡದವನು ಸಿತಾರ್ ಬೇಡ ಅಂದರೆ ಊರೇ ನಗುತ್ತದೆ. ರಹಿಮತ್ ಖಾನರು ಇಲ್ಲಿ ಬಂದು ನೆಲೆಸಿದ ಮೇಲೆ ಆ ಮನೆತನ ತಲೆಮಾರುಗಟ್ಟಲೆ ಇಲ್ಲಿ ಸಿತಾರ್ ಉಳಿಸಿದೆ. ಅವರ ಮೊಮ್ಮಗ ಬಾಲೇಖಾನರ ಕಛೇರಿ ನಾವಿಬ್ಬರೂ ಕೂಡಿ ಕೇಳಿದ್ದೇವೆ. ಆದರೆ ನಿನ್ನ ಸ್ಥಿತಿ ನೋಡು. ಬೆಳಿಗ್ಗೆ ಆಫೀಸು, ಸಂಜೆ ಮಕ್ಕಳನ್ನು ಕರೆದುಕೊಂಡು ಅಲ್ಲಿ ಇಲ್ಲಿ ಓಡಾಟ. ಚಿಕಾಗೋದಲ್ಲಿ ಗುರು ಸಿಕ್ಕರೂ ವಾರಕ್ಕೊಂದು ಪಾಠ. ಸಿತಾರಿನ ಹತ್ತೆಂಟು ತಂತಿ ಮೇಳ ಮಾಡುವಷ್ಟರಲ್ಲಿ ನಿನ್ನ ಅರ್ಧ ಗಂಟೆ ಮುಗಿಯುತ್ತದೆ. ಬೆರಳು ಕಡಿದು ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು. ಮೂರು ದಿನ ಬಿಟ್ಟರೆ ಮತ್ತೆ ನೋವು. ಪೇಟಿ ಹಾಗಲ್ಲ. ಮೊದಲ ದಿನವೇ ಒತ್ತಿದ ಸುರ ಬರುತ್ತದೆ. ನಿನ್ನಂಥ ಆತುರಗಾರನಿಗೆ ಇದು ಸಣ್ಣ ಮಾತಲ್ಲ.

"ಅದೇನು ಮಹಾ ವಾದ್ಯ" ಅಂದೆಯಲ್ಲ, ಆ ಮಾತು ನಿನ್ನದಲ್ಲ. ಬಹಳ ಹಳೆಯದು. ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ, 1840ರ ಆಸುಪಾಸು. ಅಲ್ಲಿ ಅದು ಕುರ್ಚಿ ಮೇಲೆ ಕೂತು ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೆಟ್ಟಿಗೆ. ಕೋಲ್ಕತ್ತಾದ ದ್ವಾರಕಾನಾಥ ಘೋಷರ ದ್ವಾರ್ಕಿನ್ ಕಂಪನಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲಕ್ಕಿಳಿಸಿತು. ತಿದಿ ಹಿಂದಕ್ಕೆ ಹೋಯಿತು, ಎಡಗೈಗೆ ಗಾಳಿ, ಬಲಗೈಗೆ ಸುರ. ಚಾಪೆ ಮೇಲೆ ಕೂರುವ ಜನಕ್ಕೆ ತಕ್ಕ ಹಾಗೆ ಆಯಿತು. ನಂತರ ಬೈಗುಳ ಶುರು. ಪರದೇಶಿ ವಾದ್ಯ, ನಮ್ಮ ಶ್ರುತಿ ಇದರಲ್ಲಿಲ್ಲ, ಸುರದಿಂದ ಸುರಕ್ಕೆ ಜಾರುವ ಮೀಂಡ್ ಇಲ್ಲ, ಗಮಕ ಇಲ್ಲ. ರವೀಂದ್ರನಾಥ ಟ್ಯಾಗೋರರಿಗೂ ಇದು ಸೇರುತ್ತಿರಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಬ್ರಿಟಿಷರು ಹೋದರು, ನಿಷೇಧ ಹೋಗಲಿಲ್ಲ. ಸಡಿಲವಾದದ್ದು 1971ರಲ್ಲಿ, ಅದೂ ಹಾಡುವವರ ಜೊತೆ ಬಾರಿಸುವ ಸಾಥ್‌ಗೆ ಮಾತ್ರ.

ನಮ್ಮ ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಅಂದರೆ ಅದರ ಮೊದಲ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟಿಗೆ ಬಾಗಿಲು ಮುಚ್ಚಿತ್ತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇದ್ದ ಸೀಮೆ ಇದು. ಹೊರಗೆ ಕಛೇರಿಯಲ್ಲಿ ಪಕ್ಕದಲ್ಲೇ ಪೇಟಿ ಇಟ್ಟುಕೊಂಡು ಹಾಡುವವರು ಸ್ಟುಡಿಯೋದೊಳಗೆ ಹೋದರೆ ಪೇಟಿ ಇಲ್ಲ! ಪಿಟೀಲೂ ಯುರೋಪಿನದ್ದೇ ಅಲ್ವಾ? ಅದಕ್ಕೆ ಯಾರೂ ತಡೆ ಹಾಕಲಿಲ್ಲ. ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ಮೈಸೂರಿನದ್ದೇ ಮಾಡಿಕೊಂಡರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದರು. ಪೇಟಿಗೆ ಮಾತ್ರ ಯಾಕೆ ಇಷ್ಟು ತಾತ್ಸಾರ ಅಂತ ನನಗೆ ಅರ್ಥವಾಗಿಲ್ಲ. ಬಹುಶಃ ಭಜನೆಯಲ್ಲೂ ನಾಟಕದಲ್ಲೂ ಇದೇ ಇತ್ತು, ಎಲ್ಲರ ಕೈಗೂ ಸಿಗುತ್ತಿತ್ತು. ಎಲ್ಲರ ಕೈಗೆ ಸಿಕ್ಕಿದ್ದಕ್ಕೆ ದೊಡ್ಡವರ ಹತ್ತಿರ ಮರ್ಯಾದೆ ಕಮ್ಮಿ.

ಟೀಕೆಯಲ್ಲಿ ಸತ್ಯ ಇಲ್ಲ ಅಂತಲ್ಲ. ದರಬಾರಿ ರಾಗದ ಗಂಧಾರ ತೂಗಬೇಕು. ಪೇಟಿಯ ಗಂಧಾರ ಗೂಟ ಹೊಡೆದ ಹಾಗೆ ಒಂದೇ ಕಡೆ ನಿಂತಿರುತ್ತದೆ. ಒಂದು ಕೀಯಿಂದ ಇನ್ನೊಂದಕ್ಕೆ ಜಾರಲು ದಾರಿಯಿಲ್ಲ. ಆದರೆ ಒಳ್ಳೆಯ ಸಾಥೀದಾರರು ಇದನ್ನು ತಿಳಿದೇ ಬಾರಿಸುತ್ತಾರೆ. ಬೆಳಗಾವಿಯ ಪೇಟಿ ವಾದಕ ರಾಮಭಾವು ಬಿಜಾಪುರೆಯವರ ಹಳೆಯ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ಹೆಡ್‌ಫೋನ್ ಹಾಕಿಕೊಂಡು ಕೇಳು. 1917ರಲ್ಲಿ ಹುಟ್ಟಿ 2010ರವರೆಗೆ ಬದುಕಿದರು. ನಮ್ಮ ಕಡೆಯ ದೊಡ್ಡ ಗವಾಯಿಗಳಿಗೆಲ್ಲ ಸಾಥ್ ಕೊಟ್ಟರು. ಗವಾಯಿ ತಾನ್ ಹೊಡೆಯುವಾಗ ಸಾಥೀದಾರ ಅರ್ಧ ಉಸಿರು ಹಿಂದೆ ಇರುತ್ತಾನೆ. ಗವಾಯಿ ಉಸಿರು ತಗೊಳ್ಳಲು ನಿಂತಾಗ ಕೊನೆಯ ಸುರವನ್ನು ಬಿಡದೆ ಹಿಡಿದಿರುತ್ತಾನೆ. ಗವಾಯಿ ಸುರವನ್ನು ತೂಗಿ ಆಂದೋಲನ ಮಾಡುವಾಗ ಗಾಳಿ ಕಮ್ಮಿ ಮಾಡಿ ಸುಮ್ನೆ ತಗ್ಗುತ್ತಾನೆ. ಎಡಗೈ ಬರೀ ಗಾಳಿ ಹಾಕುವುದಕ್ಕೆ ಅಂತ ತಿಳಿದವರಿಗೆ ಪೇಟಿ ಗೊತ್ತಿಲ್ಲ. ಅರ್ಧ ವಿದ್ಯೆ ಎಡಗೈಯಲ್ಲೇ ಇದೆ.

ನಾಟಕ ಕಂಪನಿಗಳ ವಿಷಯ ನಿನಗೆ ಗೊತ್ತೇ ಇದೆ, ಬರೆದರೆ ಇದು ಮುಗಿಯುವುದಿಲ್ಲ. ಒಂದೇ ಮಾತು. ರಂಗದ ಮುಂದೆ ಕೂರುತ್ತಿದ್ದ ಪೇಟಿ ಮಾಸ್ತರ ಕಾಲಿನಿಂದ ಗಾಳಿ ಹಾಕಿ ಎರಡೂ ಕೈಯಲ್ಲಿ ಬಾರಿಸುತ್ತಿದ್ದ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಕೇಳಬೇಕಿತ್ತು. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ಆಮೇಲೆ ದೇಶದ ರಂಗಭೂಮಿಗೆ ಸಂಗೀತ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದರೆ ಇವತ್ತೂ ಕಣ್ಣು ಕಾಣದ ಹುಡುಗರು ಸಾಲಾಗಿ ಕೂತು ಸುರದ ಅಭ್ಯಾಸದ ಪಲ್ಟೆ ಬಾರಿಸುತ್ತಿರುತ್ತಾರೆ. ಪಂಚಾಕ್ಷರಿ ಗವಾಯಿಗಳು ಹಾಕಿದ ದಾರಿ, ಪುಟ್ಟರಾಜ ಗವಾಯಿಗಳು ಬೆಳೆಸಿದ್ದು. ಕೀ ಮೇಲೆ ಬೆರಳಿಟ್ಟರೆ ಜಾಗ ತಾನಾಗಿ ತಿಳಿಯುತ್ತದೆ. ಕರಿ ಕೀ ಎತ್ತರ, ಎರಡರ ಗುಂಪು, ಮೂರರ ಗುಂಪು. ಅಲ್ಲಿ ಕಲಿತು ಎಷ್ಟೋ ಮಂದಿ ಊರೂರಲ್ಲಿ ಸಂಗೀತದ ಮೇಲೆ ಹೊಟ್ಟೆ ಹೊರೆದುಕೊಂಡಿದ್ದಾರೆ. ಇದಕ್ಕಿಂತ ಮಹಾ ವಾದ್ಯ ಇನ್ಯಾವುದು ಬೇಕು?

ಸರಿ, ಭಾಷಣ ಸಾಕು. ನಿನಗೆ ಮೊದಲ ಪಾಠ ನಾನೇ ಕೊಡುತ್ತೇನೆ. ಬಿಳಿ ಕೀ ಮುಟ್ಟಬೇಡ. ಬರೀ ಐದು ಕರಿ. ಮೂರನೇ ಕರಿಯಿಂದ, ಅಂದರೆ ಮೂರರ ಗುಂಪಿನ ಮೊದಲನೆಯದರಿಂದ ಶುರು ಮಾಡಿ ಮೇಲಕ್ಕೆ ಹೋಗು, ಭೂಪ ರಾಗ ಬರುತ್ತದೆ. ಬೆಂಗಳೂರಿನ ನಿನ್ನ ಅತ್ತೆಮನೆಯವರ ಹತ್ತಿರ ಕರ್ನಾಟಕ ಸಂಗೀತದ ಹೆಸರು ಹಿಡಿದು ಮೋಹನ ಅನ್ನು. ಅವೇ ಐದು ಕೀ, ಒಂದನೇ ಕರಿಯಿಂದ ಶುರು ಮಾಡಿದರೆ ದುರ್ಗಾ. ನಾಲ್ಕನೆಯದರಿಂದ ಮಧ್ಯಮಾದಿ ಸಾರಂಗ. ಎರಡನೆಯದರಿಂದ ಧಾನಿ. ಐದನೆಯದರಿಂದ ಮಾಲಕಂಸ! ನಂಬಿಕೆ ಬರದಿದ್ದರೆ ಮಗಳ ಕೀಬೋರ್ಡಿನಲ್ಲೇ ಒತ್ತಿ ನೋಡು. ಕೀ ಬದಲಾಗಿಲ್ಲ, ಷಡ್ಜ ಎಲ್ಲಿ ಅಂತ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಮಾತ್ರ ಬದಲಾಯಿತು. ಅದಕ್ಕೇ ಬಾರಿಸುವಾಗ ಷಡ್ಜದಲ್ಲಿ ತುಸು ಹೆಚ್ಚು ನಿಲ್ಲು, ಇಲ್ಲದಿದ್ದರೆ ಭೂಪ ಯಾವಾಗ ದುರ್ಗಾ ಆಯಿತು ಅಂತ ನಿನಗೇ ತಿಳಿಯುವುದಿಲ್ಲ. ಎಡಗೈ ಒಂದೇ ಸಮ. ಗಾಳಿ ಮುಗಿಯುವ ಮೊದಲೇ ಮತ್ತೆ ತುಂಬು, ಜೋರಾಗಿ ತಳ್ಳಬೇಡ. ಹೊಸಬರು ಎಲ್ಲರೂ ತಿದಿಯನ್ನು ಕುಲುಮೆಯವರ ಹಾಗೆ ಬಡಿಯುತ್ತಾರೆ.

ನಾಲ್ಕು ತಿಂಗಳು ಈ ಐದು ಕೀಯಲ್ಲಿ ಆಡು. ಆಮೇಲೂ ಸಿತಾರ್ ಬೇಕು ಅನಿಸಿದರೆ ತಗೋ, ನಾನೇ ಸಿತಾರ್ ಮಾಡುವ ಊರು ಮೀರಜಿಗೆ ಹೋಗಿ ಆರಿಸಿ ತರುತ್ತೇನೆ. ಆಗ ಕಿವಿಯಾದರೂ ತಯಾರಾಗಿರುತ್ತದೆ.

ಅಲ್ಲಿಯ ಚಳಿಗಾಲದ್ದೊಂದು ಹೆದರಿಕೆ ಇದೆ. ಹೀಟರ್ ಹಚ್ಚಿದ ಮನೆಯಲ್ಲಿ ಗಾಳಿ ಒಣಗಿ ಕಟ್ಟಿಗೆ ಕುಗ್ಗುತ್ತದೆ. ಕೂಡಿದ ಕಡೆ ಸಂದು ಬಿಡುತ್ತದೆ, ಗಾಳಿ ಸೋರುತ್ತದೆ, ಯಾವುದೋ ಕೀ ಒತ್ತದೇ ಗುಂಯ್‌ಗುಡಲು ಶುರು ಮಾಡುತ್ತದೆ. ಹೀಟರಿನ ಗಾಳಿ ಬರುವ ಕಡೆ, ಕಿಟಕಿ ಪಕ್ಕ ಇಡಬೇಡ. ಕೋಣೆಯಲ್ಲಿ ತೇವ ಉಳಿಸುವ ಯಂತ್ರ ಸಿಗುತ್ತದಲ್ಲ ಅಲ್ಲಿ, ಅದು ಇರಲಿ. ಬಾರಿಸಿದ ಮೇಲೆ ತಿದಿ ಮುಚ್ಚಿ ಕೊಂಡಿ ಹಾಕು, ಸ್ಟಾಪರ್ ಎಲ್ಲ ಒಳಗೆ ತಳ್ಳು, ಮೇಲೊಂದು ಬಟ್ಟೆ. ಊದಿನಕಡ್ಡಿ ಮಾತ್ರ ದೂರ ಹಚ್ಚು. ನಿನ್ನ ಹೆಂಡತಿಗೂ ಹೇಳು. ಆ ಬೂದಿ ರೀಡಿನ ಸೀಳಿನಲ್ಲಿ ಕೂತರೆ ಸುರ ಒಡೆಯುತ್ತದೆ, ಇದರೊಳಗೂ ಕೂತಿತ್ತು.

ಈಗ ನನಗೆ ಬೇಕಾದ ಉತ್ತರ. ತಿದಿಗೆ ಹೊಸ ಬಟ್ಟೆ, ತೊಗಲು ಹಾಕಲು ಹೇಳಿ ಬಂದಿದ್ದೇನೆ, ಅದರಲ್ಲಿ ನಿನ್ನ ಅಭಿಪ್ರಾಯ ಕೇಳುವುದಿಲ್ಲ. ರಿಪೇರಿಯವರು ಕೀಗಳ ಮೇಲೆ ಹೊಸ ಹಾಳೆ ಅಂಟಿಸಿ ಹೊಳೆಯುವ ಹಾಗೆ ಮಾಡಿಕೊಡಲೇ ಅಂತ ಕೇಳಿದರು. ನಾನು ಬೇಡ ಅಂದಿದ್ದೇನೆ. ನಿನಗೆ ಬೇಕೇ ಬೇಕು ಅನಿಸಿದರೆ ಶುಕ್ರವಾರದೊಳಗೆ ಫೋನ್ ಮಾಡಿ ನನ್ನ ಹತ್ತಿರ ಜಗಳ ಆಡು. ಮತ್ತೆ ಡಿಸೆಂಬರಿನಲ್ಲಿ ಬರುವಾಗ ಗಟ್ಟಿ ಡಬ್ಬಿಯೊಂದನ್ನು ಖಾಲಿ ತಗೊಂಡು ಬಾ, ಇದರ ಅಳತೆ ಟೇಪ್ ಹಿಡಿದು ನಾಳೆ ಕಳಿಸುತ್ತೇನೆ.

ನಿನ್ನ,
ದೋಸ್ತ