ಹಳೆಯ ಫಿಲ್ಮ್ ಪಾರ್ಸೆಲ್ ಮಾಡಬೇಡಿ, ಮೊದಲು ಫೋನ್ ಮಾಡಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಅಜ್ಜನ ಕಾಲದ ನೆಗೆಟಿವ್, ರೀಲು ಏನಿದ್ದರೂ ನೀವು ಬಸ್ಸಿಗೆ ಹಾಕಿ ಕಳಿಸುತ್ತಿದ್ದಿರಿ, ನಾವು ಬಿಡಿಸಿಕೊಂಡು ಸ್ಕ್ಯಾನ್ ಮಾಡಿಕೊಡುತ್ತಿದ್ದೆವು. ಮುಂದಿನ ತಿಂಗಳಿನಿಂದ 1950ರ ದಶಕದ ಮಧ್ಯಭಾಗಕ್ಕಿಂತ ಹಳೆಯ 35 ಮಿ.ಮೀ. ರೀಲು ಮತ್ತು ಶೀಟ್ ನೆಗೆಟಿವ್‌ಗಳನ್ನು ಪಾರ್ಸೆಲ್‌ನಲ್ಲಿ ತೆಗೆದುಕೊಳ್ಳುವುದಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಬಂದ ತಗಡಿನ ಡಬ್ಬಿಯೊಂದರ ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಹೊಡೆಯಿತು. ಸುರುಳಿಗಳು ಒಂದಕ್ಕೊಂದು ಅಂಟಿ, ಬೆಲ್ಲದ ಪಾಕದಂತೆ ಕಂದು ಬಣ್ಣಕ್ಕೆ ತಿರುಗಿದ್ದವು. ಅದು ಸೆಲ್ಯುಲೋಸ್ ನೈಟ್ರೇಟ್ ಫಿಲ್ಮ್, ಸಿಡಿಮದ್ದಿನ ಗನ್‌ಕಾಟನ್‌ನ ಒಡಹುಟ್ಟು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರು, ಮರಳು ಹಾಕಿದರೂ ಆರುವುದಿಲ್ಲ. ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶಕ್ಕೆ ವಿಷ. ಕೊಳೆಯತೊಡಗಿದ ರೀಲು 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ದಿನಗಟ್ಟಲೆ ಇದ್ದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯೊಳಗೆ ಎಷ್ಟು ಕಾವಿರುತ್ತದೆ ಎಂದು ನಾವು ಹೇಳಬೇಕಿಲ್ಲ. ಮೇಲೆ ಕುಳಿತವರಿಗೆ ಕೆಳಗೇನಿದೆ ಎಂದೂ ಗೊತ್ತಿರಲಿಲ್ಲ.

2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನ ನೈಟ್ರೇಟ್ ರೀಲುಗಳು ಸುಟ್ಟುಹೋದವು. ಕಾನೂನೂ ಇದನ್ನು ಹಗುರವಾಗಿ ಕಂಡಿಲ್ಲ: 1948ರ ಸಿನಿಮಾಟೋಗ್ರಾಫ್ ಫಿಲ್ಮ್ ನಿಯಮಗಳು ಇದರ ಸಾಗಣೆ, ದಾಸ್ತಾನಿನ ಬಗ್ಗೆಯೇ ಇವೆ. ಅಂಥ ದಾಸ್ತಾನಿಗೆ ನಮ್ಮ ಅಂಗಡಿ ತಕ್ಕ ಜಾಗವಲ್ಲ. ಇಷ್ಟು ವರ್ಷ ನಾವೇ ಇದನ್ನು ಗಮನಿಸದಿದ್ದುದು ತಪ್ಪು.

ಇನ್ನು ಮುಂದೆ ಫಿಲ್ಮಿನ ಅಂಚಿನ ಫೋಟೊವನ್ನು ವಾಟ್ಸಾಪ್‌ಗೆ ಕಳಿಸಿ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಬಹುಮಟ್ಟಿಗೆ ಚಿಂತೆಯಿಲ್ಲ, ಆದರೂ ಒಮ್ಮೆ ನಾವು ನೋಡುತ್ತೇವೆ. ಸೇಫ್ಟಿ ಫಿಲ್ಮಿನಿಂದ ನೈಟ್ರೇಟ್ ಫಿಲ್ಮಿಗೆ ನಕಲು ತೆಗೆದಾಗ ಆ ಅಕ್ಷರಗಳೂ ನಕಲಾಗಿರಬಹುದು. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್, ಅಂದರೆ ಸೇಫ್ಟಿ ಫಿಲ್ಮಿನ ಒಂದು ಬಗೆ. ಹಾಳಾಗುತ್ತಿದೆ, ಆದರೆ ಸಿಡಿಯುವಂಥದ್ದಲ್ಲ. ಗಾಜಿನ ಪ್ಲೇಟುಗಳನ್ನೂ ಮನೆಯಲ್ಲಿ ತೆಗೆದ 8, 16 ಮಿ.ಮೀ. ರೀಲುಗಳನ್ನೂ ಮೊದಲಿನಂತೆಯೇ ಕಳಿಸಬಹುದು. ಅನುಮಾನವಿದ್ದ ಕಡೆ ನಾವೇ ಬಂದು ನೋಡುತ್ತೇವೆ, ಅದಕ್ಕೆ ಹಣವಿಲ್ಲ. ಸಾಧ್ಯವಾದರೆ ನಿಮ್ಮ ಅಂಗಳದ ನೆರಳಲ್ಲೇ ಕ್ಯಾಮೆರಾದಿಂದ ಪ್ರತಿ ತೆಗೆಯುತ್ತೇವೆ.

ಅಲ್ಲಿಯವರೆಗೆ ಅನುಮಾನದ ಫಿಲ್ಮನ್ನು ಅಟ್ಟದಿಂದಲೂ ಗೋದ್ರೆಜ್ ಬೀರುವಿನಿಂದಲೂ ತೆಗೆದು, ಒಲೆ, ದೀಪದಿಂದ ದೂರ, ಗಾಳಿಯಾಡುವ ತಂಪು ಜಾಗದಲ್ಲಿ ಕಾಗದದಲ್ಲಿ ಸಡಿಲವಾಗಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಅದರ ಅನಿಲವೇ ಅದನ್ನು ಬೇಗ ತಿನ್ನುತ್ತದೆ. ಕಸಕ್ಕೆ ಎಸೆಯುವುದು, ಸುಡುವುದು ಖಂಡಿತ ಬೇಡ.

ಆ ಏಪ್ರಿಲ್ ಡಬ್ಬಿಯಲ್ಲಿ ಒಂದು ಮದುವೆಯಿತ್ತು. ಹಸೆಮಣೆಯ ಮೇಲಿನ ಹನ್ನೊಂದು ಚಿತ್ರಗಳು ಮಾತ್ರ ಕೈಗೆ ಸಿಕ್ಕವು; ಅವನ್ನು ಮನೆಯವರಿಗೆ ಒಪ್ಪಿಸಿದ್ದೇವೆ.

ನಿಮ್ಮ ಸ್ಟುಡಿಯೋ ಬಳಗ