ಲಯನ್ಸ್ ಕ್ಲಬ್ಬಿನ ಅಧ್ಯಕ್ಷನಾಗಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸಪ್ರೇಮ ನಮಸ್ಕಾರಗಳು. ಬರುವ ಜುಲೈಯಿಂದ ನಿಮ್ಮೂರಿನ ಲಯನ್ಸ್ ಕ್ಲಬ್ಬಿನ ಅಧ್ಯಕ್ಷ ಸ್ಥಾನವನ್ನು ನೀನು ವಹಿಸಿಕೊಳ್ಳಲಿರುವ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಪದಗ್ರಹಣಕ್ಕೆ ತಪ್ಪದೆ ಬರುತ್ತೇನೆ. ಈ ವರ್ಷ ವಿಕಲಚೇತನರಿಗಾಗಿ ಗಟ್ಟಿಯಾದ ಕೆಲಸವೊಂದನ್ನು ಮಾಡಬೇಕೆಂದಿದ್ದೇನೆ, ತ್ರಿಚಕ್ರ ವಾಹನಗಳನ್ನು ವಿತರಿಸಿದರೆ ಹೇಗೆ ಎಂದು ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಬರೆದೇ ತಿಳಿಸೋಣವೆನ್ನಿಸಿತು.

ತ್ರಿಚಕ್ರ ವಾಹನ ಬೇಕಾದವರಿಗೆ ಅದು ಬೇಕೇ ಬೇಕು, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅದಕ್ಕೆ ಸರ್ಕಾರದ ಯೋಜನೆಗಳೂ ಇವೆ. ವಾಹನ ಪಡೆದ ಯುವಕ ಮರುದಿನ ಬೆಳಿಗ್ಗೆ ಅದನ್ನೇರಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಿಮ್ಮ ಕ್ಲಬ್ಬಿನ ಸದಸ್ಯರು. 1917ರಲ್ಲಿ ಶಿಕಾಗೋದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್, ವರ್ತಕರಾದ ನಾವು ನಮ್ಮ ವ್ಯವಹಾರ ಕುಶಲತೆಯನ್ನು ಊರಿನ ಹಿತಕ್ಕೂ ಏಕೆ ಬಳಸಬಾರದು ಎಂಬ ವಿಚಾರವನ್ನು ತನ್ನ ಮಿತ್ರರ ಮುಂದಿಟ್ಟಿದ್ದರಿಂದ ತಾನೇ ಈ ಸಂಸ್ಥೆ ಹುಟ್ಟಿದ್ದು! ಅಕ್ಕಿ ಗಿರಣಿಯವರು, ಔಷಧದಂಗಡಿಯವರು, ಬೇಕರಿಯವರು, ಲೆಕ್ಕ ಪರಿಶೋಧಕರು, ಖಾಸಗಿ ಶಾಲೆ ನಡೆಸುವವರು, ಹೀಗೆ ಊರಿನಲ್ಲಿ ಇನ್ನೊಬ್ಬರಿಗೆ ಕೆಲಸ ಕೊಡಬಲ್ಲ ಎಷ್ಟೊಂದು ಜನ ನಿಮ್ಮ ಕ್ಲಬ್ಬಿನ ಸಭೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಸೇವಾ ಖಾತೆಯಲ್ಲಿರುವ ಹಣಕ್ಕಿಂತ ದೊಡ್ಡ ಬಂಡವಾಳ ಇದೇ ಎಂದು ನಾನು ನಂಬಿದ್ದೇನೆ.

1925ರ ಜೂನ್ 30ರಂದು ಅಮೆರಿಕದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ, ಸ್ವತಃ ಕಣ್ಣು ಕಿವಿ ಎರಡೂ ಇಲ್ಲದಿದ್ದ ಲೇಖಕಿ ಹೆಲೆನ್ ಕೆಲ್ಲರ್ ಮಾತನಾಡಿದ್ದನ್ನು ನೀವೆಲ್ಲ ಭಾಷಣಗಳಲ್ಲಿ ಸ್ಮರಿಸುತ್ತೀರಿ. ಆಕೆ ಅಂದು ಬೇಡಿದ್ದು ಮೂರು ಸಂಗತಿಗಳನ್ನು: ತಡೆಯಬಹುದಾದ ಅಂಧತ್ವ ಉಳಿಯಬಾರದು, ಕಣ್ಣು ಕಿವಿ ಎರಡೂ ಇಲ್ಲದ ಮಗು ಕಲಿಯದೆ ಉಳಿಯಬಾರದು, ಅಂಧ ಸ್ತ್ರೀಪುರುಷರು ನೆರವಿಲ್ಲದೆ ಉಳಿಯಬಾರದು. ಮೊದಲನೆಯದನ್ನು ಲಯನ್ಸ್‌ನವರು ಎದೆಗೆ ಹಚ್ಚಿಕೊಂಡು ಮಾಡಿದ್ದಾರೆ. ನೇತ್ರ ತಪಾಸಣಾ ಶಿಬಿರ ನಡೆಯದ ತಾಲ್ಲೂಕು ಕೇಂದ್ರ ನಮ್ಮಲ್ಲಿ ವಿರಳ. ಶಸ್ತ್ರಚಿಕಿತ್ಸೆಯಿಂದ ಸರಿಹೋಗದ ಕಣ್ಣುಳ್ಳವರು ಮಾತ್ರ ಶಿಬಿರದಿಂದ ಹಾಗೆಯೇ ಮನೆಗೆ ಮರಳುತ್ತಾರೆ. ಅವರಿಗಿರುವ ನೆರವೆಂದರೆ ದುಡಿಮೆ, ಮತ್ತು ಆ ದುಡಿಮೆಗೆ ತಕ್ಕ ಸಂಬಳ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ ಮತ್ತು ಸರ್ಕಾರಿ ನೌಕರಿಯಲ್ಲಿ ಹಿಂದಿದ್ದ ಶೇ. 3ರ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿದೆ. ಖಾಸಗಿಯವರಿಗೆ ಮೀಸಲಾತಿಯ ಕಟ್ಟುಪಾಡಿಲ್ಲ; ಸಿಬ್ಬಂದಿಯಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರಿರುವಂತೆ ಅವರಿಗೆ ಸರ್ಕಾರ ಉತ್ತೇಜನ ನೀಡಬೇಕೆಂದಷ್ಟೇ ಕಾಯ್ದೆ ಹೇಳುತ್ತದೆ. ನಿಮ್ಮಂಥ ಊರಿನಲ್ಲಿ ಕೆಲಸ ಹುಟ್ಟುವುದು ಅಂಗಡಿ ಮತ್ತು ಕಾರ್ಖಾನೆಗಳಲ್ಲಾದ್ದರಿಂದ, ಅಲ್ಲಿ ಕಾಯ್ದೆಗಿಂತ ನಿನ್ನ ಪಕ್ಕದಲ್ಲಿ ಕೂತ ಸದಸ್ಯನ ಮನಸ್ಸೇ ಹೆಚ್ಚಿನ ಕೆಲಸ ಮಾಡುತ್ತದೆ.

ಇನ್ನು ತರಬೇತಿಯ ವಿಚಾರ. ಸಾಮಾನ್ಯವಾಗಿ ನಡೆಯುವುದು ಹೀಗೆ: ಮೂರು ತಿಂಗಳು ಹೊಲಿಗೆಯನ್ನೋ ಕಂಪ್ಯೂಟರನ್ನೋ ಕಲಿಸಿ, ಗಣ್ಯರ ಕೈಯಿಂದ ಪ್ರಮಾಣಪತ್ರ ಕೊಡಿಸಿ, ಫೋಟೋ ತೆಗೆಸಿ ಕಳುಹಿಸಿಬಿಡುತ್ತಾರೆ. ಆ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲಿ ಉಳಿಯುತ್ತದೆ. ನೀನು ಇದನ್ನು ತಿರುವುಮುರುವು ಮಾಡು. ಮೊದಲು ಸದಸ್ಯರ ಒಂದೊಂದೇ ಅಂಗಡಿಯಲ್ಲಿ ಅರ್ಧ ದಿನ ಕೂತು, ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ಯಾವ ಕೆಲಸಗಳು ನಡೆಯುತ್ತವೆ ಎಂದು ಬರೆದುಕೊ. ಅವುಗಳಲ್ಲಿ ಯಾವುದನ್ನು ಯಾರು ಮಾಡಬಲ್ಲರು ಎಂದು ಯೋಚಿಸು. ಆ ಕೆಲಸಕ್ಕೆಂದೇ, ಆ ಜಾಗದಲ್ಲೇ ತರಬೇತಿ ಕೊಡು.

ನಮ್ಮೂರಿನ ತರಬೇತಿ ಕೇಂದ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬೌದ್ಧಿಕ ವೈಕಲ್ಯವುಳ್ಳ ಹುಡುಗನೊಬ್ಬನಿಗೆ ಮೇಣದ ಬತ್ತಿಗಳನ್ನು ಡಜನ್ ಲೆಕ್ಕದಲ್ಲಿ ಕಟ್ಟುವ ಕೆಲಸವಿತ್ತು, ಆದರೆ ಅವನಿಗೆ ಐದರಾಚೆ ಎಣಿಕೆ ಬಾರದು. ಅಲ್ಲಿಯ ಶಿಕ್ಷಕಿ ಬಡಗಿಯಿಂದ ಹನ್ನೆರಡು ಕುಳಿಗಳನ್ನು ಕೊರೆಸಿದ ಹಲಗೆಯೊಂದನ್ನು ಮಾಡಿಸಿದರು. ಒಂದೊಂದು ಕುಳಿಯಲ್ಲಿ ಒಂದೊಂದು ಬತ್ತಿ. ಖಾಲಿ ಕುಳಿ ಉಳಿಯದಿದ್ದರೆ ಡಜನ್ ತುಂಬಿತು. ಅವನು ಪ್ರತಿಸಲವೂ ಕಟ್ಟುವ ಮೊದಲು ಹಲಗೆಯ ಉದ್ದಕ್ಕೂ ಬೆರಳಾಡಿಸಿ ನೋಡುತ್ತಾನೆ, ಆಮೇಲೆಯೇ ರಬ್ಬರ್ ಬ್ಯಾಂಡ್ ಹಾಕುತ್ತಾನೆ. ಎಣಿಸಲು ಬಲ್ಲವರು ಮಾತನಾಡುತ್ತ ಲೆಕ್ಕ ತಪ್ಪಿಸುವುದುಂಟು, ಅವನ ಕಟ್ಟಿನಲ್ಲಿ ಹನ್ನೊಂದು ಬಂದದ್ದನ್ನು ನಾನು ನೋಡಿಲ್ಲ.

ದೃಷ್ಟಿ ಇಲ್ಲದವರಿಗೆ ಕಚೇರಿ ಕೆಲಸ ಕೊಡಿಸುವುದಾದರೆ ಒಂದು ತೊಡಕನ್ನು ಮೊದಲೇ ತಿಳಿದಿರು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ನಮ್ಮ ಎಷ್ಟೋ ಕಚೇರಿಗಳ ಕಡತಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿರುವುದರಿಂದ, ಕಣ್ಣಿಗೆ ಕನ್ನಡವಾಗಿ ಕಾಣುವ ಪತ್ರ ಅವರ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳುತ್ತದೆ. ಕಡತವನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿದರೆ ಸಾಕು, ಅದೇ ಪತ್ರವನ್ನು ಅವರು ನಮಗಿಂತ ವೇಗವಾಗಿ ಓದಿ ಮುಗಿಸುತ್ತಾರೆ. ಇಷ್ಟು ಸಣ್ಣ ಕಾರಣಕ್ಕೆ ಪದವೀಧರನೊಬ್ಬನನ್ನು ಕೆಲಸಕ್ಕೆ ಬಾರದವನೆಂದು ಮನೆಗೆ ಕಳುಹಿಸಿದ್ದನ್ನು ಬಲ್ಲೆ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಭ್ಯರ್ಥಿಗಳನ್ನು ಹುಡುಕಲು ನೀನು ಅಲೆಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳ ಮಂದಿ ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾರಿದ್ದಾರೆ, ಎಷ್ಟು ಓದಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸದೆ, ಯೋಜನೆಯ ಸಮಿತಿಯಲ್ಲಿ ಸೇರಿಸಿಕೊ. ತರಬೇತಿಯ ಕ್ರಮ ತಿಳಿಯಲು ಬೆಂಗಳೂರಿಗೆ ಹೋಗಿ ಬಾ. ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಅಲ್ಲಿದೆ, ಅಲ್ಲಿಯ ತೋಟಗಾರಿಕೆ ತರಬೇತಿಯನ್ನಂತೂ ನಿಮ್ಮೂರಿನ ನರ್ಸರಿಯವರು ನೋಡಲೇಬೇಕು. 1997ರಲ್ಲಿ ಆರಂಭವಾದ ಸಮರ್ಥನಂ ಮತ್ತು 1999ರ ಎನೇಬಲ್ ಇಂಡಿಯಾ ಸಂಸ್ಥೆಗಳಿಗೂ ಈ ಕ್ಷೇತ್ರದಲ್ಲಿ ದೀರ್ಘ ಅನುಭವವಿದೆ.

ತಂದೆತಾಯಿಯರ ಅಂಜಿಕೆಯನ್ನು ಅಲಕ್ಷಿಸಬೇಡ. ಕೆಲಸಕ್ಕೆ ಸೇರಿದರೆ ಮಾಸಾಶನ ನಿಂತುಹೋದೀತು, ಬಸ್ಸಿನಲ್ಲಿ ಮಗಳು ಒಬ್ಬಳೇ ಹೇಗೆ ಹೋದಾಳು ಎಂಬುದು ಅವರಿಗೆ ನಿಜವಾದ ಚಿಂತೆ. ಮೊದಲ ಕೆಲವು ವಾರ ಕ್ಲಬ್ಬಿನ ವತಿಯಿಂದ ಒಬ್ಬರು ಕೆಲಸದ ಜಾಗಕ್ಕೆ ದಿನವೂ ಹೋಗಿ ವಿಚಾರಿಸಿಕೊಳ್ಳಬೇಕು. ಸಂಬಳದ ವಿಷಯದಲ್ಲಿ ಕಟ್ಟುನಿಟ್ಟಾಗಿರು. ಅದೇ ಕೆಲಸಕ್ಕೆ ಇನ್ನೊಬ್ಬರಿಗೆ ಎಷ್ಟು ಕೊಡುತ್ತಾರೋ ಇವರಿಗೂ ಅಷ್ಟೇ ಕೊಡಬೇಕು. ದಯೆಯ ಹೆಸರಿನಲ್ಲಿ ಅರ್ಧ ಕೂಲಿಗೆ ದುಡಿಸಿಕೊಳ್ಳುವ ಸದಸ್ಯನನ್ನು, ಅವನು ಎಷ್ಟೇ ದೊಡ್ಡ ದಾನಿಯಾಗಿರಲಿ, ಈ ಯೋಜನೆಯಿಂದ ದೂರವಿಡು. ವರ್ಷಕ್ಕೆ ನಾಲ್ಕೈದು ಜನ ಕೆಲಸದಲ್ಲಿ ನಿಂತರೂ ಅದು ಸಣ್ಣ ಸಾಧನೆಯಲ್ಲ, ಲಯನ್ಸ್ ಜಿಲ್ಲೆಯ ಮುಖ್ಯಸ್ಥರಾದ ಜಿಲ್ಲಾ ಗವರ್ನರ್ ಭೇಟಿಯ ವರದಿಗಾಗಿ ಸಂಖ್ಯೆ ಹಿಗ್ಗಿಸಲು ಹೋಗಬೇಡ.

ನಿಮ್ಮ ಸದಸ್ಯರ ಪಟ್ಟಿಯನ್ನು, ಅವರವರ ಉದ್ಯೋಗದ ವಿವರಗಳೊಂದಿಗೆ ಕಳುಹಿಸಿಕೊಡು. ಪದಗ್ರಹಣದ ಮರುದಿನ ನಾನು ನಿಮ್ಮಲ್ಲೇ ಉಳಿಯುತ್ತೇನೆ, ಮೊದಲ ಎರಡು ಅಂಗಡಿಗಳಿಗೆ ಜೊತೆಯಾಗಿ ಹೋಗೋಣ. ಬೇಕರಿಯವರಿಗೆ ಈಗಲೇ ಒಂದು ಮಾತು ಹೇಳಿಟ್ಟಿರು.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ,
ನಿನ್ನ ಗೆಳೆಯ