ಕಡಜದ ಗೂಡಿಗೆ ವಾಚ್‌ಮನ್ ಕೈಯ ಪಂಜು ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿಗೆ ಮನೆ ತೊಳೆಯಲು ಹೊರಟಾಗಲೇ ಮುಂಬಯಿಯ ಹೌಸಿಂಗ್ ಸೊಸೈಟಿಗಳವರಿಗೆ ಕಡಜದ ಗೂಡುಗಳು ಕಣ್ಣಿಗೆ ಬೀಳುವುದು. ಕಿಟಕಿಯ ಸಜ್ಜಾದ ಅಡಿ, ಎ.ಸಿ. ಯಂತ್ರದ ಹಿಂದೆ, ಪಾರಿವಾಳದ ಬಲೆಯ ಮೂಲೆ. ಕಂಡ ಕೂಡಲೇ ವಾಚ್‌ಮನ್‌ಗೆ ಕರೆ ಹೋಗುತ್ತದೆ. ಒಂದು ಬಿದಿರು ಕೋಲು, ತುದಿಗೆ ಹಳೆಯ ಬನಿಯನ್ನು, ಅದಕ್ಕೆ ಸೀಮೆಎಣ್ಣೆ. ಈಗ ಸೀಮೆಎಣ್ಣೆ ಸಿಗುವುದು ಕಷ್ಟ. ಆದ್ದರಿಂದ ಯಾರದೋ ಬೈಕಿನಿಂದ ತೆಗೆದ ಪೆಟ್ರೋಲು, ಇಲ್ಲವೇ ಬಣ್ಣದವನು ಬಿಟ್ಟುಹೋದ ಥಿನ್ನರ್. ಕೆಳಗೆ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ.

ಮುಲುಂಡ್ ಪೂರ್ವದ ನಮ್ಮ ಕಟ್ಟಡದಲ್ಲಿ ಕಳೆದ ವರ್ಷ ಹೀಗೆಯೇ ನಡೆಯಿತು. ಮೂರನೆಯ ಮಾಳಿಗೆಯ ಅಡುಗೆಮನೆಯ ಹೊರಗೆ ಫುಟ್‌ಬಾಲಿಗಿಂತ ದೊಡ್ಡದಾದ, ಕಂದು ಪಟ್ಟೆಗಳ ಗೂಡು. ಕೆಳಗಿನ ಮಾಳಿಗೆಯ ಮರಾಠಿ ಅಜ್ಜಿಯೊಬ್ಬರು ‘ಗಾಂಧೀಲ್ ಮಾಶೀ ಆಹೇ, ಹಾತ್ ಲಾವೂ ನಕೋಸ್’ (ಇದು ಕಡಜ, ಕೈ ಹಾಕಬೇಡ) ಎಂದು ವಾಚ್‌ಮನ್ ಹುಡುಗನಿಗೆ ಕೂಗಿ ಹೇಳಿದರು. ಕಮಿಟಿಯವರು ಕೇಳಲಿಲ್ಲ. ಹುಡುಗ ಸಜ್ಜಾದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಪಂಜು ಚಾಚಿದ. ಗೂಡು ಪೂರ್ತಿ ಹೊತ್ತಿಕೊಳ್ಳುವ ಮೊದಲೇ ಹುಳುಗಳು ಅವನ ಕುತ್ತಿಗೆ, ಕಿವಿಗಳಿಗೆ ಮುತ್ತಿದವು. ಒಂದು ಕೈಯಲ್ಲಿ ನೀರಿನ ಪೈಪನ್ನು ತಬ್ಬಿ ಹಿಡಿದದ್ದರಿಂದ ಅವನು ಬೀಳದೆ ಉಳಿದ. ಜಾರಿದ ಪಂಜಿನಿಂದ ಎರಡನೆಯ ಮಾಳಿಗೆಯ ನೈಲಾನ್ ಬಲೆಗೆ ಬೆಂಕಿ ತಗಲಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದು ಆತ ಹುಷಾರಾಗಿ ಬಂದ ಎನ್ನುವುದು ದೊಡ್ಡ ಪುಣ್ಯ. ಆ ಬಿಲ್ಲು ಸೊಸೈಟಿಯ ಲೆಕ್ಕಪತ್ರದಲ್ಲಿ ‘ಇತರೆ ಖರ್ಚು’ ಎಂದು ಸೇರಿದೆ.

ಗೋಡೆಯ ಹೊರಗೆ ನಾವು ಏನೇನು ತೂಗುಹಾಕಿದ್ದೇವೆ ಎಂದು ಒಮ್ಮೆ ತಲೆಯೆತ್ತಿ ನೋಡಬೇಕು. ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಕೊಳವೆ ಅನಿಲದ ಪೈಪು ಏರಿದೆ. ಎ.ಸಿ.ಯ ತಂತಿಗಳು ಜೋಲುತ್ತಿವೆ. ಈಗಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಅನಿಲಕ್ಕೂ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ. ಇವುಗಳ ನಡುವೆ ಪೆಟ್ರೋಲಿನ ಪಂಜು ಹಿಡಿಯುವವನನ್ನು ಧೈರ್ಯಶಾಲಿ ಎಂದು ಹೊಗಳುವುದನ್ನು ಬಿಟ್ಟು, ಕಳುಹಿಸಿದವರನ್ನು ಪ್ರಶ್ನಿಸಬೇಕು.

ಅಸಲಿಗೆ ಎಲ್ಲ ಗೂಡುಗಳೂ ಒಂದೇ ಅಲ್ಲ. ಗೋಡೆಗೆ, ಕಿಟಕಿಯ ಚೌಕಟ್ಟಿಗೆ ಮಣ್ಣು ಮೆತ್ತಿ ಕೊಳವೆಯಂತೆ ಕಟ್ಟುವುದು ಕುಂಬಾರ ಹುಳು. ಇದು ಒಂಟಿ ಜೀವಿ. ಜೇಡಗಳನ್ನು ಕುಟುಕಿ ಸ್ತಬ್ಧಗೊಳಿಸಿ, ಮರಿಗಳ ಆಹಾರಕ್ಕೆಂದು ಮಣ್ಣಿನೊಳಗೆ ತುಂಬುತ್ತದೆ. ಗೂಡನ್ನು ಕಾಯಲು ಯಾರ ಮೇಲೂ ಎರಗುವುದಿಲ್ಲ. ಮಣ್ಣಿನಲ್ಲಿ ದುಂಡನೆಯ ತೂತು ಕಂಡರೆ ಮರಿ ಹಾರಿಹೋಗಿದೆ ಎಂದರ್ಥ. ಹಳೆಯ ಚಮಚದಿಂದ ಕೆರೆದರೆ ಆಯಿತು. ಆದರೆ ಬೀಗದ ಕಿಂಡಿ, ಎ.ಸಿ.ಯ ನೀರಿನ ಕೊಳವೆಗಳಲ್ಲಿ ಇದು ಮಣ್ಣು ತುಂಬದಂತೆ ನೋಡಿಕೊಳ್ಳಬೇಕು. ವಿಮಾನಗಳ ನಿರ್ವಹಣೆಯಲ್ಲಿ ಆಯುಷ್ಯ ಕಳೆದ ನನಗೆ ಈ ವಿಷಯ ತಮಾಷೆಯಲ್ಲ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವೇಗ ಅಳೆಯುವ ಪಿಟೊ ಕೊಳವೆ ಮುಚ್ಚಿಹೋಗಿ ಪೈಲಟ್‌ಗಳಿಗೆ ತಪ್ಪು ವೇಗ ತೋರಿಸಿತ್ತು. ಅದರೊಳಗೆ ಇಂಥದೇ ಹುಳು ಗೂಡು ಕಟ್ಟಿರಬಹುದೆಂದು ತನಿಖೆಯವರು ಊಹಿಸಿದರು. ನಿಂತ ವಿಮಾನದ ಪಿಟೊ ಕೊಳವೆಗೆ ಕವಚ ತೊಡಿಸುವುದು ಇದೇ ಕಾರಣಕ್ಕೆ.

ಎರಡನೆಯದು, ಮರದ ನಾರನ್ನು ಅಗಿದು ಎಂಜಲಿನಲ್ಲಿ ಕಲಸಿ ಕಾಗದದಂಥ ತೆರೆದ ಕೋಣೆಗಳನ್ನು ಕಟ್ಟುವ ಸಣ್ಣ ಕಣಜ. ಗೂಡು ತೆಳ್ಳನೆಯ ಕಾಂಡದಿಂದ ನೇತಾಡುತ್ತದೆ. ಇವುಗಳಲ್ಲೊಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ರಾಣಿ ಸಾಧು ಸ್ವಭಾವದ್ದು. ಅದನ್ನು ತೆಗೆದರೆ ಕೆಲಸದ ಹುಳುಗಳಲ್ಲೊಂದು ಒಮ್ಮೆಗೇ ಜಗಳಗಂಟಿಯಾಗಿ ಪಟ್ಟಕ್ಕೇರುತ್ತದೆಯಂತೆ. ಸೊಸೈಟಿಯ ಚುನಾವಣೆ ನೋಡಿದವರಿಗೆ ಇದರಲ್ಲಿ ಹೊಸತೇನಿಲ್ಲ. ಈ ಕಣಜಗಳು ಗಿಡದ ಕಂಬಳಿಹುಳುಗಳನ್ನು ಹಿಡಿದು ತಿನ್ನುತ್ತವೆ. ಗೂಡು ಕೈ ತಾಗದ ಎತ್ತರದಲ್ಲಿದ್ದು, ಮಕ್ಕಳು ಅತ್ತ ಸುಳಿಯದಿದ್ದರೆ ಅದನ್ನು ಅದರ ಪಾಡಿಗೆ ಬಿಡಬಹುದು. ಬಾಗಿಲ ಬಳಿಯೋ ಬಟ್ಟೆ ಒಣಗಿಸುವ ಹಗ್ಗದ ಹತ್ತಿರವೋ ಇದ್ದರೆ ಮಾತ್ರ ತೆಗೆಸಬೇಕು.

ಹೆದರಬೇಕಾದದ್ದು ಮೂರನೆಯದಕ್ಕೆ. ಮೈ ಕಪ್ಪು, ಹೊಟ್ಟೆಗೆ ಅಡ್ಡಲಾಗಿ ದಪ್ಪ ಹಳದಿ ಅಥವಾ ಕಿತ್ತಳೆ ಪಟ್ಟಿ ಇರುವ ದೊಡ್ಡ ಕಡಜ. ಗೂಡು ಸುತ್ತಲೂ ಮುಚ್ಚಿದ ಉಂಡೆ, ಓಡಾಟಕ್ಕೆ ಕಿಂಡಿ. ಜೇನುಹುಳು ಕಚ್ಚಿದರೆ ಅದರ ಮುಳ್ಳು ನಮ್ಮ ಚರ್ಮದಲ್ಲೇ ಉಳಿಯುತ್ತದೆ. ಕಡಜದ ಮುಳ್ಳು ಹಾಗಲ್ಲ, ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಗೂಡು ಅಲುಗಿದರೆ ಅಪಾಯದ ವಾಸನೆ ಹರಡಿ ಉಳಿದವೂ ಹೊರಬೀಳುತ್ತವೆ. ಇದಕ್ಕೆ ಕಲ್ಲು, ನೀರು, ಹೊಗೆ, ಅಂಗಡಿಯ ಜಿರಲೆ ಸ್ಪ್ರೇ ಯಾವುದೂ ಬೇಡ. ಆ ಕಿಟಕಿ ಮುಚ್ಚಿ, ರಾತ್ರಿ ಅಲ್ಲಿನ ದೀಪ ಆರಿಸಿ. ಅವು ಬೆಳಕಿಗೆ ಹಾರಿಬರುತ್ತವೆ. ಮುಖಪರದೆ, ಪೂರ್ತಿ ಮೈಮುಚ್ಚುವ ಉಡುಪು ಇರುವ ಕೀಟ ನಿಯಂತ್ರಣದವರನ್ನು ಕರೆಸಿ. ಅವರು ಹುಳುಗಳೆಲ್ಲ ಗೂಡು ಸೇರಿದ ಮೇಲೆ ಕೆಲಸ ಮಾಡುತ್ತಾರೆ. ಉಡುಪಿಲ್ಲದೆ ಬರುವವನನ್ನು, ಎಷ್ಟೇ ಕಡಿಮೆಗೆ ಒಪ್ಪಿಕೊಂಡರೂ, ಗೇಟಿನಿಂದಲೇ ಕಳುಹಿಸಿಬಿಡಿ.

ಕಚ್ಚಿಸಿಕೊಂಡವನು ಕೈಬೀಸದೆ ಅಲ್ಲಿಂದ ಓಡಿ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಬೆರಳಿನ ಉಂಗುರ ತೆಗೆದು, ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ಸುಣ್ಣ ಹಚ್ಚುವುದು, ಕಬ್ಬಿಣ ಉಜ್ಜುವುದು ಹಿರಿಯರ ಸಮಾಧಾನಕ್ಕೆ. ಅದಕ್ಕಾಗಿ ಆಸ್ಪತ್ರೆಯ ದಾರಿ ತಡವಾಗಬಾರದು. ತುಟಿ ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಒಂದೇ ಕಡಿತವಾದರೂ ಕೂಡಲೇ 108ಕ್ಕೆ ಫೋನ್ ಮಾಡಿ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿಯ ಮಾತ್ರೆ ಸಾಲದು. ಹಲವು ಕಡೆ ಕಚ್ಚಿದ್ದರೆ ನೋವು ಇಳಿದ ಮೇಲೂ ಒಂದೆರಡು ದಿನ ಮೂತ್ರ ಕಡಿಮೆಯಾಗುತ್ತದೆಯೇ, ಕಪ್ಪಗಾಗುತ್ತದೆಯೇ ಎಂದು ಗಮನಿಸಬೇಕು. ಕಡಜದ ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ಸಹಕಾರಿ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಜಿರಲೆ, ಗೆದ್ದಲಿಗೆ ಹೇಗೂ ವರ್ಷದ ಗುತ್ತಿಗೆ ಕೊಡುತ್ತೇವೆ. ಅದರಲ್ಲೇ ಕಡಜದ ಗೂಡನ್ನೂ ಸೇರಿಸಬೇಕು, ವಾಚ್‌ಮನ್, ಕಸದವರು, ಮನೆಗೆಲಸದವರಿಗೆ ಈ ಕೆಲಸ ಹೇಳಬಾರದು ಎಂಬ ಗೊತ್ತುವಳಿಯನ್ನು ನಾನು ಕಾರ್ಯದರ್ಶಿಗೆ ಬರೆದುಕೊಟ್ಟಿದ್ದೇನೆ. ಒಂದು ಫ್ಲ್ಯಾಟಿನ ಪಾಲಿಗೆ ಬರುವ ಖರ್ಚು ಹೆಚ್ಚೇನಲ್ಲ. ಠಾಣೆ, ಡೊಂಬಿವಲಿ, ಕಾಂದಿವಲಿಗಳ ಸೊಸೈಟಿಗಳಲ್ಲೂ ನಮ್ಮವರು ಕಮಿಟಿಗಳಲ್ಲಿದ್ದಾರೆ. ಅವರೂ ಸಭೆಯ ನೋಟಿಸು ಹೊರಡುವ ಮೊದಲೇ ಇದನ್ನು ಬರೆದುಕೊಡಲಿ.

– ನಿವೃತ್ತ ವಿಮಾನ ನಿರ್ವಹಣಾ ತಂತ್ರಜ್ಞ, ಮುಲುಂಡ್ ಪೂರ್ವ, ಮುಂಬಯಿ